ಗಡ್ಡೆಗೆ ರಕ್ತ ಎಷ್ಟು ಹರಿಯುತ್ತಿದೆ?

ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಎಲ್ಲರ ಬಾಯಿಗೂ ಮೊದಲು ಬರುವುದು ಒಂದು ಅಳತೆ. "ನಾಲ್ಕು ಸೆಂಟಿಮೀಟರ್ ಇದೆಯಂತೆ." ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ಎದ್ದು ಕಾಣುವುದು ಅದೇ. ಫೋನಿನಲ್ಲಿ ವಿಚಾರಿಸುವ ನೆಂಟರಿಗೂ ಅದನ್ನೇ ಹೇಳುತ್ತೇವೆ. ಮುಂದಿನ ಸ್ಕ್ಯಾನಿನಲ್ಲಿ ಅದು ಮೂರಕ್ಕೆ ಇಳಿಯಿತೋ, ಐದಕ್ಕೆ ಏರಿತೋ ಎಂದು ಉಸಿರು ಬಿಗಿಹಿಡಿದು ಕಾಯುತ್ತೇವೆ.

ಆದರೆ ನಾಲ್ಕು ಸೆಂಟಿಮೀಟರಿನ ಎರಡು ಗಡ್ಡೆಗಳು ಒಂದೇ ಥರ ಇರಬೇಕೆಂದಿಲ್ಲ. ಒಂದರ ತುಂಬ ರಕ್ತ ಓಡಾಡುತ್ತಿರಬಹುದು. ಇನ್ನೊಂದರ ಅಂಚಿಗೆ ಮಾತ್ರ ರಕ್ತ ತಲುಪಿ, ನಡುಭಾಗ ಸೊರಗಿ ಸತ್ತಿರಬಹುದು. ರಾಯಚೂರು ಕಡೆಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ಗದ್ದೆ ಎರಡು ಎಕರೆ, ಕಾಲುವೆಯ ಕೊನೆ ಭಾಗದ ಹೊಲವೂ ಎರಡು ಎಕರೆ. ಪಹಣಿಯಲ್ಲಿ ವಿಸ್ತೀರ್ಣ ಒಂದೇ. ಆದರೆ ಒಂದರಲ್ಲಿ ಭತ್ತ ನಿಂತಿರುತ್ತದೆ, ಇನ್ನೊಂದರ ರೈತ ನೀರಿಗಾಗಿ ಕಾಯುತ್ತಿರುತ್ತಾನೆ. ವಿಸ್ತೀರ್ಣ ನೋಡಿ ನೀರಿನ ಕಥೆ ಹೇಳಲು ಆಗುವುದಿಲ್ಲ, ಅಲ್ವಾ?

ಆ ನೀರಿನ ಕಥೆಯನ್ನು ಹೇಳುವ ಪರೀಕ್ಷೆಯೇ ಸಿಟಿ ಪರ್ಫ್ಯೂಷನ್. ಗಡ್ಡೆಯೊಳಗೆ ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಸೋರುತ್ತದೆ ಎಂದು ಇದು ಅಳೆಯುತ್ತದೆ. ಚಿಕಿತ್ಸೆಗೆ ಮುಂಚೆ ಇದನ್ನು ಏಕೆ ಅಳೆಯಬೇಕು, ಹೇಗೆ ಅಳೆಯುತ್ತಾರೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ನೋಡೋಣ.

ರಕ್ತದ ವಿಷಯ ಇಷ್ಟು ಮುಖ್ಯವಾದದ್ದು ಹೇಗೆ?

1971ರಲ್ಲಿ ಬೋಸ್ಟನ್‌ನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಒಂದು ವಿಚಾರ ಮುಂದಿಟ್ಟರು. ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಅದಕ್ಕೆ ತನ್ನದೇ ರಕ್ತನಾಳಗಳು ಬೇಕು ಎಂಬುದು ಆ ವಿಚಾರ. ಅಷ್ಟು ಚಿಕ್ಕದಿದ್ದಾಗ ಸುತ್ತಲಿನಿಂದ ಇಂಗಿ ಬರುವ ಆಮ್ಲಜನಕವೇ ಸಾಕಾಗುತ್ತದೆ. ಆಮೇಲೆ ಸಾಲುವುದಿಲ್ಲ. ಆಗ ಗಡ್ಡೆ ರಾಸಾಯನಿಕ ಸಂದೇಶ ಕಳಿಸಿ ಪಕ್ಕದ ರಕ್ತನಾಳಗಳಿಂದ ಹೊಸ ಕವಲುಗಳನ್ನು ಎಳೆದುಕೊಳ್ಳುತ್ತದೆ. ಆ ಸಂದೇಶಗಳಲ್ಲಿ ಮುಖ್ಯವಾದದ್ದು ವಿಇಜಿಎಫ್ ಎಂಬ ಪ್ರೋಟೀನು.

ಹೀಗೆ ಅವಸರದಲ್ಲಿ ಬೆಳೆದ ನಾಳಗಳಿಗೆ ಶಿಸ್ತು ಇರುವುದಿಲ್ಲ. ಸೊಟ್ಟಪಟ್ಟ ಹೋಗುತ್ತವೆ, ಎಲ್ಲೋ ಶುರುವಾಗಿ ಎಲ್ಲೋ ನಿಂತುಬಿಡುತ್ತವೆ, ಗೋಡೆಯಿಂದ ಸೋರುತ್ತವೆ. ಸೋರಿದ ನೀರಿನಂಶ ಗಡ್ಡೆಯೊಳಗೆ ತುಂಬಿ ಒತ್ತಡ ಏರುತ್ತದೆ. ಆ ಒತ್ತಡ ಔಷಧಿ ಒಳಹೋಗಲು ಅಡ್ಡಿಯಾಗುತ್ತದೆ. ಐಐಟಿ ಕಾನ್ಪುರದಲ್ಲಿ ಓದಿ ಮುಂದೆ ಹಾರ್ವರ್ಡ್‌ನಲ್ಲಿ ನೆಲೆನಿಂತ ರಾಕೇಶ್ ಜೈನ್ ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ನಾಳಗಳ ಬೆಳವಣಿಗೆ ತಡೆಯುವ ಔಷಧಿ ಕೊಟ್ಟರೆ ಅವು ಸ್ವಲ್ಪ ಕಾಲ ಸರಿಯಾದ ರೂಪಕ್ಕೆ ಬರಬಹುದು, ಆ ಹೊತ್ತಿನಲ್ಲಿ ಕೀಮೋ ಚೆನ್ನಾಗಿ ಒಳಗೆ ತಲುಪಬಹುದು ಎಂದು ಅವರು ವಾದಿಸಿದರು. ಕಾಲುವೆ ರಿಪೇರಿ ಮಾಡಿ ಆಮೇಲೆ ನೀರಿನ ಜೊತೆ ಗೊಬ್ಬರ ಬಿಟ್ಟ ಹಾಗೆ. ಇಲ್ಲಿ ಬಿಡುವುದು ಗೊಬ್ಬರವಲ್ಲ, ವಿಷ. ಅಷ್ಟೇ ವ್ಯತ್ಯಾಸ.

ಕೀಮೋ ರಕ್ತದ ಮೂಲಕವೇ ಹೋಗಬೇಕು. ರಕ್ತ ಹೋಗದ ಮೂಲೆಗೆ ಔಷಧಿಯೂ ಹೋಗುವುದಿಲ್ಲ. ರೇಡಿಯೇಷನ್ ಹೊರಗಿನಿಂದ ಬರುತ್ತದೆ, ಅದಕ್ಕೆ ರಕ್ತದ ಹಂಗೇನು ಎಂದು ಅನ್ನಿಸಬಹುದು. ಹಂಗಿದೆ. ಕಿರಣಗಳು ಜೀವಕೋಶದ ಡಿಎನ್‌ಎಗೆ ಮಾಡಿದ ಗಾಯ ವಾಸಿಯಾಗದಂತೆ ಗಟ್ಟಿಗೊಳಿಸುವುದು ಆಮ್ಲಜನಕ. ಆಮ್ಲಜನಕ ಇಲ್ಲದ ಕೋಶವನ್ನು ಕೊಲ್ಲಲು ಸುಮಾರು ಎರಡೂವರೆಯಿಂದ ಮೂರು ಪಟ್ಟು ಕಿರಣ ಬೇಕಾಗುತ್ತದೆ. ರಕ್ತ ಕಡಿಮೆ ಇರುವ ನಡುಭಾಗ ಕೀಮೋದಿಂದಲೂ ತಪ್ಪಿಸಿಕೊಳ್ಳುತ್ತದೆ, ಕಿರಣಕ್ಕೂ ಬೇಗ ಬಗ್ಗುವುದಿಲ್ಲ. ಗಡ್ಡೆಯ ರಕ್ತ ಸಂಚಾರವನ್ನು ಮೊದಲೇ ತಿಳಿಯಬೇಕು ಎಂಬ ಹಂಬಲದ ಹಿಂದೆ ಇರುವುದು ಇದೇ.

ಇನ್ನು ಅಳೆಯುವ ವಿಧಾನ. ಇದರ ಲೆಕ್ಕ ಎಷ್ಟು ಸರಳ, ಎಷ್ಟು ಚೆಂದ ಎಂದರೆ ಅದನ್ನು ಬಿಡಿಸಿ ಹೇಳಲೇಬೇಕು.

ಸಿಟಿ ಯಂತ್ರ ಚಿತ್ರದ ಪ್ರತಿ ಚುಕ್ಕಿಗೂ ಒಂದು ಅಂಕಿ ಕೊಡುತ್ತದೆ. ಮೊದಲ ಸಿಟಿ ಯಂತ್ರ ಕಟ್ಟಿದ ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಆ ಅಂಕಿಯ ಮಾನಕ್ಕೆ ಇಟ್ಟಿದ್ದಾರೆ. ನೀರಿಗೆ 0, ಗಾಳಿಗೆ ಮೈನಸ್ 1000. ಗಡ್ಡೆ ಸಾಮಾನ್ಯವಾಗಿ 30, 40ರ ಆಸುಪಾಸು. ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಎಂಬ ದ್ರವ ಕೊಟ್ಟರೆ, ಅದು ತಲುಪಿದ ಜಾಗದ ಅಂಕಿ ಏರುತ್ತದೆ. ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಅಯೋಡಿನ್ ಇದ್ದರೆ ಸುಮಾರು 25 ಅಂಕಿ ಏರಿಕೆ. ಅಯೋಡಿನ್ ಎರಡು ಪಟ್ಟಾದರೆ ಏರಿಕೆಯೂ ಎರಡು ಪಟ್ಟು. ಈ ನೇರ ಸಂಬಂಧವೇ ಇಡೀ ಪರೀಕ್ಷೆಯ ಬುನಾದಿ.

ಸಾಮಾನ್ಯ ಸ್ಕ್ಯಾನಿನಲ್ಲಿ ಕಾಂಟ್ರಾಸ್ಟ್ ಹೋದ ಮೇಲೆ ಒಂದು ಸಲ ಚಿತ್ರ ತೆಗೆಯುತ್ತಾರೆ. ಪರ್ಫ್ಯೂಷನ್‌ನಲ್ಲಿ ಹಾಗಲ್ಲ. ಸುಮಾರು 50 ಮಿಲಿಲೀಟರ್ ಕಾಂಟ್ರಾಸ್ಟನ್ನು ಸೆಕೆಂಡಿಗೆ 4, 5 ಮಿಲಿಲೀಟರ್ ವೇಗದಲ್ಲಿ ಜೋರಾಗಿ ತಳ್ಳುತ್ತಾರೆ. ಗಡ್ಡೆ ಇರುವ ಜಾಗವನ್ನೇ ಒಂದೆರಡು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ತೆಗೆಯುತ್ತಾರೆ. ಹರಿಯುವ ಕಾಲುವೆಗೆ ಒಂದು ಹಿಡಿ ಕುಂಕುಮ ಎಸೆದು, ಕೆಳಗಿನ ತೂಬಿನ ಹತ್ತಿರ ನಿಂತು ಕೆಂಪು ಯಾವಾಗ ಬಂತು, ಎಷ್ಟು ಗಾಢವಾಯಿತು, ಯಾವಾಗ ತಿಳಿಯಾಯಿತು ಎಂದು ನೋಡಿದ ಹಾಗೆ. ಕಾಲವನ್ನು ಅಡ್ಡಕ್ಕೆ, ಅಂಕಿಯನ್ನು ಉದ್ದಕ್ಕೆ ಇಟ್ಟರೆ ಏರಿ ಇಳಿಯುವ ಒಂದು ಗೆರೆ ಸಿಗುತ್ತದೆ. ರಕ್ತ ತರುವ ದೊಡ್ಡ ನಾಳಕ್ಕೆ ಒಂದು ಗೆರೆ, ಗಡ್ಡೆಯ ಒಂದೊಂದು ಚುಕ್ಕಿಗೂ ಒಂದೊಂದು ಗೆರೆ.

ಈ ಗೆರೆಗಳಿಂದ ಹರಿವನ್ನು ಲೆಕ್ಕ ಹಾಕಬಹುದು ಎಂದು 1980ರಲ್ಲಿ ಲಿಯಾನ್ ಆಕ್ಸೆಲ್ ಮಿದುಳಿನ ವಿಷಯದಲ್ಲಿ ತೋರಿಸಿದರು. 1991ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೆನ್ ಮೈಲ್ಸ್ ಮತ್ತು ಸಂಗಡಿಗರು ಅದನ್ನು ಬಣ್ಣದ ನಕ್ಷೆಯಾಗಿಸಿದರು. ಅವರ ಸೂತ್ರ ಒಂದೇ ಸಾಲಿನದು. ಗಡ್ಡೆಯ ಗೆರೆ ಅತಿ ಕಡಿದಾಗಿ ಏರುವ ವೇಗವನ್ನು, ರಕ್ತ ತರುವ ನಾಳದ ಗರಿಷ್ಠ ಏರಿಕೆಯಿಂದ ಭಾಗಿಸಿ. ಉತ್ತರವೇ ಹರಿವು.

ಒಂದು ಲೆಕ್ಕ ಮಾಡಿ ನೋಡೋಣ. ಮಹಾಪಧಮನಿಯಲ್ಲಿ ಅಂಕಿ 250 ಏರಿತು. ಗಡ್ಡೆಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 2.5 ಏರುತ್ತಿದೆ. 2.5ನ್ನು 250ರಿಂದ ಭಾಗಿಸಿದರೆ 0.01. ಅಂದರೆ ಒಂದು ಮಿಲಿಲೀಟರ್ ಗಡ್ಡೆಗೆ ಸೆಕೆಂಡಿಗೆ 0.01 ಮಿಲಿಲೀಟರ್ ರಕ್ತ. ನಿಮಿಷಕ್ಕೆ, 100 ಮಿಲಿಲೀಟರ್ ಗಡ್ಡೆಗೆ ಎಂದು ಬದಲಾಯಿಸಿದರೆ 60 ಮಿಲಿಲೀಟರ್. ರಿಪೋರ್ಟಿನಲ್ಲಿ ರಕ್ತದ ಹರಿವು 60 ಎಂದು ಬರೆದಿದ್ದರೆ ಅದು ಹುಟ್ಟಿದ್ದು ಹೀಗೆ.

ಜೊತೆಗೆ ಇನ್ನೂ ಮೂರು ಅಂಕಿಗಳು ಬರುತ್ತವೆ. ಗಡ್ಡೆಯ ನಾಳಗಳಲ್ಲಿ ಒಟ್ಟು ಎಷ್ಟು ರಕ್ತ ತುಂಬಿದೆ ಎಂಬುದು ರಕ್ತದ ಪ್ರಮಾಣ. ಒಳಬಂದ ರಕ್ತ ಹೊರಹೋಗಲು ಸರಾಸರಿ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂಬುದು ದಾಟುವ ಸಮಯ. ಇವೆರಡೂ ಹರಿವಿಗೆ ಗಂಟು ಹಾಕಿಕೊಂಡಿವೆ. 100 ಮಿಲಿಲೀಟರ್ ಗಡ್ಡೆಯಲ್ಲಿ 5 ಮಿಲಿಲೀಟರ್ ರಕ್ತ ತುಂಬಿದ್ದು, ಸೆಕೆಂಡಿಗೆ 1 ಮಿಲಿಲೀಟರ್ ಹರಿಯುತ್ತಿದ್ದರೆ ದಾಟಲು 5 ಸೆಕೆಂಡು. ನೀರಿನ ತೊಟ್ಟಿಯ ಲೆಕ್ಕವೇ. ನಾಲ್ಕನೆಯದು ಸೋರಿಕೆ. ಕಾಂಟ್ರಾಸ್ಟ್ ನಾಳದ ಗೋಡೆ ದಾಟಿ ಹೊರಗೆ ಇಂಗುವ ವೇಗ ಅದು. ಇದನ್ನು ಅಳೆಯಲು ಜಾಸ್ತಿ ಹೊತ್ತು ಚಿತ್ರ ತೆಗೆಯುತ್ತಿರಬೇಕು. ಹರಿವಿಗೆ ಅರ್ಧ ನಿಮಿಷ ಸಾಕಾದರೆ, ಸೋರಿಕೆಗೆ ಒಂದೆರಡು ನಿಮಿಷ ಬೇಕು.

ಮಿದುಳಿನಲ್ಲಿ ಈ ಲೆಕ್ಕ ನೇರ. ಪಾರ್ಶ್ವವಾಯು ಬಂದವರಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಸಿಟಿ ಪರ್ಫ್ಯೂಷನ್ ಮಾಡುವುದು ಈಗ ಸಾಮಾನ್ಯ. ಶ್ವಾಸಕೋಶದಲ್ಲಿ ಮಾತ್ರ ಒಂದು ತೊಡಕಿದೆ. ಇಲ್ಲಿ ರಕ್ತ ಎರಡು ಕಡೆಯಿಂದ ಬರುತ್ತದೆ.

ಹೃದಯದ ಬಲಭಾಗದಿಂದ ಹೊರಡುವ ಪಲ್ಮನರಿ ಅಪಧಮನಿ ಆಮ್ಲಜನಕ ತುಂಬಿಸಿಕೊಳ್ಳಲು ರಕ್ತವನ್ನು ಶ್ವಾಸಕೋಶಕ್ಕೆ ತರುತ್ತದೆ. ಅದು ದೊಡ್ಡ ಹೊಳೆ. ಅದರ ಜೊತೆಗೆ ಮಹಾಪಧಮನಿಯಿಂದ ಬ್ರಾಂಕಿಯಲ್ ಅಪಧಮನಿಗಳು ಎಂಬ ಸಣ್ಣ ಕವಲುಗಳೂ ಬರುತ್ತವೆ. ಹೃದಯ ಹೊರಹಾಕುವ ರಕ್ತದಲ್ಲಿ ಅವುಗಳ ಪಾಲು ಸುಮಾರು ನೂರಕ್ಕೆ ಒಂದು. ಆದರೆ ಶ್ವಾಸಕೋಶದ ಕ್ಯಾನ್ಸರ್ ತನ್ನ ಆಹಾರವನ್ನು ಹೆಚ್ಚಾಗಿ ಪಡೆಯುವುದು ಈ ಸಣ್ಣ ಕವಲಿನಿಂದಲೇ. ಪಕ್ಕದಲ್ಲೇ ಹೊಳೆ ಹರಿಯುತ್ತಿದ್ದರೂ ಹೊಲಕ್ಕೆ ನೀರು ಬರುವುದು ಸಣ್ಣ ಕಾಲುವೆಯಿಂದ. ಎಲ್ಲ ಗಡ್ಡೆಗಳೂ ಹೀಗೇ ಎಂದೂ ಅಲ್ಲ. ಕೆಲವು ಎರಡರಿಂದಲೂ ಹೀರುತ್ತವೆ.

ಹಾಗಾದರೆ ಭಾಗಿಸುವುದು ಯಾವ ನಾಳದ ಅಂಕಿಯಿಂದ? ಇಲ್ಲಿ ಕಾಲವೇ ನೆರವಿಗೆ ಬರುತ್ತದೆ. ಕೈಯಿಂದ ಹೋದ ಕಾಂಟ್ರಾಸ್ಟ್ ಮೊದಲು ಹೃದಯದ ಬಲಭಾಗಕ್ಕೆ, ಅಲ್ಲಿಂದ ಪಲ್ಮನರಿ ಅಪಧಮನಿಗೆ ಹೋಗುತ್ತದೆ. ಶ್ವಾಸಕೋಶ ಸುತ್ತಿ, ಎಡಭಾಗಕ್ಕೆ ಬಂದು, ಮಹಾಪಧಮನಿ ತಲುಪುವುದು ಕೆಲವು ಸೆಕೆಂಡು ತಡವಾಗಿ. ಗಡ್ಡೆ ಮೊದಲ ಅಲೆಯಲ್ಲಿ ಎಷ್ಟು ಏರಿತು, ಎರಡನೆಯ ಅಲೆಯಲ್ಲಿ ಎಷ್ಟು ಏರಿತು ಎಂದು ಬೇರೆ ಬೇರೆ ನೋಡಿದರೆ ಯಾವ ಕಡೆಯಿಂದ ಎಷ್ಟು ಬಂತು ಎಂದು ಹೇಳಬಹುದು. ಇದಕ್ಕೆ ಎರಡು ಮೂಲದ ವಿಧಾನ ಎನ್ನುತ್ತಾರೆ. ಅಂಗರಚನೆಯ ಒಂದು ತೊಡಕನ್ನು ಕೆಲವೇ ಸೆಕೆಂಡುಗಳ ಅಂತರದಿಂದ ಬಿಡಿಸಿದ ಈ ಉಪಾಯ ನನಗೆ ಬಹಳ ಇಷ್ಟ.

ಎರಡನೆಯ ತೊಡಕು ಉಸಿರಾಟ. ಮಿದುಳು ಅಲುಗಾಡುವುದಿಲ್ಲ, ಶ್ವಾಸಕೋಶ ಸುಮ್ನೆ ಇರುವುದೇ ಇಲ್ಲ. ಕೆಳಭಾಗದ ಗಡ್ಡೆ ಒಂದು ಉಸಿರಿಗೆ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಸರಿಯಬಹುದು. ಒಂದು ಚಿತ್ರದಲ್ಲಿ ಗಡ್ಡೆ ಇದ್ದ ಚುಕ್ಕಿಯಲ್ಲಿ ಮುಂದಿನ ಚಿತ್ರದಲ್ಲಿ ಗಾಳಿ ಇರುತ್ತದೆ. ಆಗ ಗೆರೆ ಹರಿದು ಚೂರಾಗುತ್ತದೆ. ಹಿಂದಿನ ಯಂತ್ರಗಳು ಒಂದು ಸುತ್ತಿಗೆ ಎರಡು, ನಾಲ್ಕು ಸೆಂಟಿಮೀಟರ್ ಜಾಗ ಮಾತ್ರ ನೋಡುತ್ತಿದ್ದವು. ಗಡ್ಡೆ ಅದರಿಂದ ಜಾರಿಹೋಗುತ್ತಿತ್ತು. ಕಿರಣ ಹಿಡಿಯುವ 320 ಸಾಲು ಸಂವೇದಕಗಳಿರುವ ಯಂತ್ರಗಳು ಬಂದ ಮೇಲೆ 16 ಸೆಂಟಿಮೀಟರ್ ಜಾಗವನ್ನು ಮೇಜು ಅಲುಗಿಸದೆ ಒಂದೇ ಸುತ್ತಿನಲ್ಲಿ ಹಿಡಿಯಲು ಆಗುತ್ತದೆ. ಜೊತೆಗೆ ಸಾಫ್ಟ್‌ವೇರ್ ಒಂದೊಂದು ಚಿತ್ರವನ್ನೂ ಸರಿಸಿ ಗಡ್ಡೆಯ ಮೇಲೆ ಗಡ್ಡೆ ಕೂರುವಂತೆ ಮಾಡುತ್ತದೆ.

ಇಷ್ಟೆಲ್ಲ ಮಾಡಿ ಚಿಕಿತ್ಸೆಗೆ ಮುಂಚೆ ಏನು ತಿಳಿಯುತ್ತದೆ?

ಮೊದಲ ಆಸೆ, ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು. ಇದಕ್ಕೆ ಪರ್ಫ್ಯೂಷನ್‌ಗಿಂತ ಸರಳವಾದ ಒಂದು ಪೂರ್ವಜನೂ ಇದೆ. 2000ನೇ ಇಸವಿಯಲ್ಲಿ ಮೇಯೋ ಕ್ಲಿನಿಕ್‌ನ ಸ್ಟೀಫನ್ ಸ್ವೆನ್ಸನ್ ಮತ್ತು ಸಂಗಡಿಗರು ಹಲವು ಆಸ್ಪತ್ರೆಗಳ 356 ಗಂಟುಗಳ ಅಧ್ಯಯನ ಪ್ರಕಟಿಸಿದರು. ಕಾಂಟ್ರಾಸ್ಟ್ ಕೊಟ್ಟ ಮೇಲೆ ಅಂಕಿ 15ಕ್ಕಿಂತ ಕಡಿಮೆ ಏರಿದರೆ ಆ ಗಂಟು ಕ್ಯಾನ್ಸರ್ ಅಲ್ಲದಿರುವ ಸಾಧ್ಯತೆ ಬಹಳ ಜಾಸ್ತಿ ಎಂದು ಕಂಡುಬಂತು. ಕ್ಯಾನ್ಸರ್ ಗಂಟುಗಳಲ್ಲಿ ನೂರಕ್ಕೆ 98 ಈ ಗೆರೆಯನ್ನು ದಾಟಿದ್ದವು. ತೊಂದರೆ ಇನ್ನೊಂದು ಬದಿಯಲ್ಲಿತ್ತು. ಕ್ಯಾನ್ಸರ್ ಅಲ್ಲದ ಗಂಟುಗಳಲ್ಲಿ ನೂರಕ್ಕೆ 58 ಮಾತ್ರ ಗೆರೆಯ ಕೆಳಗೆ ಉಳಿದವು. ಉಳಿದವು ಕ್ಯಾನ್ಸರ್ ಥರವೇ ಬೆಳಗಿದವು.

ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಟಿಬಿ, ನ್ಯುಮೋನಿಯಾದಂಥ ಸೋಂಕು ಇರುವ ಜಾಗಕ್ಕೂ ರಕ್ತ ನುಗ್ಗುತ್ತದೆ. ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ. ಇದರ ತಿರುವುಮುರುವೂ ನಮ್ಮಲ್ಲಿ ಆಗುತ್ತದೆ. ಕ್ಯಾನ್ಸರ್ ಇದ್ದವರಿಗೆ ಎಕ್ಸ್‌ರೇ ನೋಡಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟು ಕಾಲ ಕಳೆದುಹೋದ ಪ್ರಸಂಗಗಳು ಭಾರತದಲ್ಲಿ ಬಹಳ. ಹಾಗಾಗಿ ಪರ್ಫ್ಯೂಷನ್ ನಕ್ಷೆ ಎಷ್ಟೇ ಚೆಂದ ಇದ್ದರೂ ಸೂಜಿ ಚುಚ್ಚಿ ತೆಗೆದ ಚೂರಿನ ಜಾಗವನ್ನು ಅದು ತುಂಬುವುದಿಲ್ಲ. ಬಯಾಪ್ಸಿಗೆ ಅಂಜಿ "ಸ್ಕ್ಯಾನಿನಲ್ಲೇ ಹೇಳಿಬಿಡಿ" ಎಂದು ಕೇಳುವವರಿಗೆ ನಾನು ಪ್ರೀತಿಯಿಂದಲೇ ಹೇಳುವ ಮಾತಿದು. ನಕ್ಷೆ ಬಯಾಪ್ಸಿಗೆ ನೆರವಾಗುವುದು ಬೇರೆ ರೀತಿಯಲ್ಲಿ. ಗಡ್ಡೆಯ ಯಾವ ಭಾಗ ಸತ್ತಿದೆ, ಯಾವ ಭಾಗ ಜೀವಂತ ಇದೆ ಎಂದು ಅದು ತೋರಿಸುತ್ತದೆ. ಸತ್ತ ಭಾಗಕ್ಕೆ ಸೂಜಿ ಹೋದರೆ ಚೂರು ಸಿಕ್ಕರೂ ಉತ್ತರ ಸಿಗುವುದಿಲ್ಲ.

ಎರಡನೆಯ ಆಸೆ, ಚಿಕಿತ್ಸೆಗೆ ಯಾರು ಬಗ್ಗುತ್ತಾರೆ ಎಂದು ಮೊದಲೇ ಊಹಿಸುವುದು. ಕೀಮೋ ಮತ್ತು ರೇಡಿಯೇಷನ್ ಪಡೆದವರ ಕೆಲವು ಅಧ್ಯಯನಗಳಲ್ಲಿ, ಶುರುವಿನಲ್ಲೇ ಹರಿವು ಜಾಸ್ತಿ ಇದ್ದ ಗಡ್ಡೆಗಳು ಹೆಚ್ಚು ಕುಗ್ಗಿದವು. ಮೇಲೆ ಹೇಳಿದ ತರ್ಕಕ್ಕೆ ಇದು ಒಪ್ಪುತ್ತದೆ. ಆದರೆ ಹೆಚ್ಚಿನ ಅಧ್ಯಯನಗಳು ಚಿಕ್ಕವು. ಒಂದೊಂದು ಕಡೆ ಒಂದೊಂದು ಯಂತ್ರ, ಒಂದೊಂದು ಸೂತ್ರ. ದೊಡ್ಡ ಗಡ್ಡೆಗಳಲ್ಲಿ ನಡುಭಾಗ ಸತ್ತಿರುವುದರಿಂದ ಸರಾಸರಿ ಹರಿವು ಹೇಗೂ ಕಡಿಮೆ ಬರುತ್ತದೆ. ಹಾಗಾಗಿ ಹರಿವು ಹೇಳುತ್ತಿರುವುದು ಹೊಸ ವಿಷಯವೋ, ಗಾತ್ರ ಈಗಾಗಲೇ ಹೇಳಿದ್ದೋ ಎಂದು ಬಿಡಿಸುವುದು ಕಷ್ಟ. ಇಷ್ಟಕ್ಕಿಂತ ಕಡಿಮೆ ಇದ್ದರೆ ಈ ಔಷಧಿ ಬೇಡ ಎನ್ನುವಂಥ ಎಲ್ಲರೂ ಒಪ್ಪಿದ ಗೆರೆ ಇವತ್ತಿಗೂ ಇಲ್ಲ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಕಾರಣ. ಚಿಕಿತ್ಸೆಗೆ ಮುಂಚಿನ ಅಳತೆ ಕೈಯಲ್ಲಿದ್ದರೆ ಆಮೇಲಿನ ಬದಲಾವಣೆಯನ್ನು ಹೋಲಿಸಬಹುದು. ಔಷಧಿ ಕೆಲಸ ಮಾಡಿತೇ ಎಂದು ನಿರ್ಧರಿಸುವ ರೂಢಿಯ ನಿಯಮ ಇರುವುದು ಗಾತ್ರದ ಮೇಲೆ. ಗಡ್ಡೆಗಳ ಉದ್ದದ ಮೊತ್ತ ನೂರಕ್ಕೆ 30 ಇಳಿದರೆ ಔಷಧಿಗೆ ಬಗ್ಗಿದೆ ಎಂದು ಲೆಕ್ಕ, ನೂರಕ್ಕೆ 20 ಏರಿದರೆ ಹಿನ್ನಡೆ. ಆದರೆ ರಕ್ತನಾಳಗಳಿಗೆ ಏಟು ಕೊಡುವ ಔಷಧಿಗಳು ಗಡ್ಡೆಯನ್ನು ತಕ್ಷಣ ಕುಗ್ಗಿಸದೇ ಇರಬಹುದು. ಒಳಗೆ ಹರಿವು ಬಿದ್ದಿರುತ್ತದೆ, ಹೊರಗಿನ ಅಳತೆ ಹಾಗೇ ಇರುತ್ತದೆ. ವಿಇಜಿಎಫ್ ತಡೆಯುವ ಬೆವಾಸಿಜುಮ್ಯಾಬ್ ಎಂಬ ಇಂಜೆಕ್ಷನ್‌ಗೆ 2006ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಸ್ಕ್ವಾಮಸ್ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇದ್ದವರನ್ನು ಹೊರಗಿಟ್ಟರು, ಏಕೆಂದರೆ ಅವರಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ಜೀವಕ್ಕೇ ಅಪಾಯವಾಗುವಷ್ಟು ರಕ್ತಸ್ರಾವ ಆಗಿತ್ತು. ಲಂಡನ್ ಹತ್ತಿರದ ಮೌಂಟ್ ವರ್ನನ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಜೊತೆಗೆ ಕಾಂಬ್ರೆಟಾಸ್ಟಾಟಿನ್ ಎಂಬ ನಾಳ ಮುಚ್ಚುವ ಔಷಧಿ ಕೊಟ್ಟು, ಗಡ್ಡೆಯ ರಕ್ತದ ಪ್ರಮಾಣ ಇಳಿದದ್ದನ್ನು ಪರ್ಫ್ಯೂಷನ್ ಸಿಟಿಯಲ್ಲಿ ನೋಡಿದರು. ಗಾತ್ರದ ಟೇಪು ಹಿಡಿದು ಕೂತಿದ್ದರೆ ಇದು ಕಾಣುತ್ತಿರಲಿಲ್ಲ.

ಈಗ ಇದರ ಬೆಲೆ. ರೂಪಾಯಿಯ ಮಾತಲ್ಲ, ದೇಹ ತೆರುವ ಬೆಲೆ. ಸಾಮಾನ್ಯ ಎದೆಯ ಸಿಟಿಗೆ ಸುಮಾರು 5ರಿಂದ 7 ಮಿಲಿಸೀವರ್ಟ್ ವಿಕಿರಣ. ನೆಲ, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಬರುವುದು ಲೋಕದ ಸರಾಸರಿಯಲ್ಲಿ 2.4. ಪರ್ಫ್ಯೂಷನ್‌ನಲ್ಲಿ ಒಂದೇ ಜಾಗವನ್ನು ಇಪ್ಪತ್ತು, ಮೂವತ್ತು ಸಲ ತೆಗೆಯುವುದರಿಂದ ಪ್ರತಿ ಚಿತ್ರದ ಕಿರಣವನ್ನು ಬಹಳ ಕಡಿಮೆ ಇಡಲೇಬೇಕು. ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. 2009ರಲ್ಲಿ ಲಾಸ್ ಏಂಜಲೀಸ್‌ನ ಒಂದು ಆಸ್ಪತ್ರೆಯಲ್ಲಿ ಮಿದುಳಿನ ಪರ್ಫ್ಯೂಷನ್ ಮಾಡಿಸಿಕೊಂಡ 206 ರೋಗಿಗಳಿಗೆ ಒಂದೂವರೆ ವರ್ಷದ ಅವಧಿಯಲ್ಲಿ ಸುಮಾರು ಎಂಟು ಪಟ್ಟು ಜಾಸ್ತಿ ಕಿರಣ ಹೋಗಿದ್ದು ಬೆಳಕಿಗೆ ಬಂತು. ಕೆಲವರ ಕೂದಲು ಉದುರಿತ್ತು, ಚರ್ಮ ಕೆಂಪಾಗಿತ್ತು. ಯಂತ್ರದ ಸೆಟ್ಟಿಂಗ್ ತಪ್ಪಾಗಿತ್ತು. ಆಮೇಲೆ ಅಮೆರಿಕದ ಔಷಧ ಇಲಾಖೆ ಎಲ್ಲ ಆಸ್ಪತ್ರೆಗಳಿಗೂ ಎಚ್ಚರಿಕೆ ಕಳಿಸಿತು.

ಅಂಕಿಗಳನ್ನು ಓದುವಾಗಲೂ ಜಾಗ್ರತೆ ಬೇಕು. ಒಬ್ಬರೇ ರೋಗಿಗೆ, ಚಿಕಿತ್ಸೆ ಕೊಡದೆ, ಎರಡು ದಿನ ಬಿಟ್ಟು ಮತ್ತೆ ತೆಗೆದರೂ ಹರಿವಿನ ಅಂಕಿ ಸಾಕಷ್ಟು ಬದಲಾಗಬಹುದು. ಒಂದು ಕಂಪನಿಯ ಸಾಫ್ಟ್‌ವೇರ್ 60 ಎಂದಿದ್ದನ್ನು ಇನ್ನೊಂದು 80 ಎನ್ನಬಹುದು. ಆದ್ದರಿಂದ ಹೋಲಿಸುವುದಿದ್ದರೆ ಅದೇ ಯಂತ್ರ, ಅದೇ ಸೂತ್ರ, ಅದೇ ಉಸಿರಾಟದ ವಿಧಾನ ಇರಬೇಕು.

ಹೆಸರಿನ ಗೊಂದಲವೂ ಒಂದಿದೆ. ಆಪರೇಷನ್‌ಗೆ ಮುಂಚೆ ಕೆಲವರಿಗೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಲಂಗ್ ಪರ್ಫ್ಯೂಷನ್ ಸ್ಕ್ಯಾನ್ ಬರೆಯುತ್ತಾರೆ. ಅದು ನೋಡುವುದು ಗಡ್ಡೆಯನ್ನಲ್ಲ, ಒಳ್ಳೆಯ ಶ್ವಾಸಕೋಶವನ್ನು. ಒಂದು ಭಾಗ ಕತ್ತರಿಸಿ ತೆಗೆದರೆ ಉಳಿದದ್ದು ಉಸಿರಾಡಲು ಸಾಕೇ ಎಂದು ತಿಳಿಯಲು ಅದನ್ನು ಮಾಡುತ್ತಾರೆ. ಎರಡರಲ್ಲೂ ಪರ್ಫ್ಯೂಷನ್ ಎಂಬ ಪದ ಇರುವುದರಿಂದ "ಆಗಲೇ ಮಾಡಿಸಿದ್ದೇವಲ್ಲ" ಎಂದು ಮನೆಯವರು ಅಂದುಕೊಳ್ಳುವುದು ಸಹಜ.

ಹಾಗಾದರೆ ಇದನ್ನು ಕೇಳಿ ಮಾಡಿಸಬೇಕೇ? ಬೇಡ ಎನ್ನುತ್ತೇನೆ. ಚಿಕಿತ್ಸೆಗೆ ಮುಂಚೆ ತಪ್ಪಿಸಲೇಬಾರದ ಪರೀಕ್ಷೆಗಳು ಬೇರೆ ಇವೆ. ಬಯಾಪ್ಸಿ, ಎಲ್ಲೆಲ್ಲಿ ಹರಡಿದೆ ಎಂದು ನೋಡುವ ಪೆಟ್-ಸಿಟಿ, ಹಲವರಿಗೆ ಮಿದುಳಿನ ಎಂಆರ್‌ಐ, ಯಾವ ಔಷಧಿ ಹೊಂದುತ್ತದೆ ಎಂದು ತಿಳಿಯಲು ಬಯಾಪ್ಸಿ ಚೂರಿನ ಮೇಲೆ ಮಾಡುವ ಇಜಿಎಫ್‌ಆರ್, ಎಎಲ್‌ಕೆ, ಪಿಡಿಎಲ್1 ಪರೀಕ್ಷೆ. ಭಾರತದಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದದವರಲ್ಲಿ, ಇಜಿಎಫ್‌ಆರ್ ಜೀನಿನ ಬದಲಾವಣೆ ಸಾಕಷ್ಟು ಜನರಿಗೆ ಇರುತ್ತದೆ. ಇದ್ದರೆ ಕೀಮೋ ಬದಲು ಮಾತ್ರೆಯಿಂದಲೇ ಶುರು ಮಾಡಬಹುದು. ಕೈಯಲ್ಲಿ ಹಣ ಇಷ್ಟೇ ಇದ್ದರೆ ಅದು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಸಿಟಿ ಪರ್ಫ್ಯೂಷನ್ ಇವತ್ತು ಹೆಚ್ಚಾಗಿ ನಡೆಯುವುದು ಸಂಶೋಧನೆಯ ಭಾಗವಾಗಿ, ಇಲ್ಲವೇ ಡಾಕ್ಟರಿಗೆ ಒಂದು ನಿರ್ದಿಷ್ಟ ಪ್ರಶ್ನೆ ಇದ್ದಾಗ. ಬರೆದುಕೊಟ್ಟರೆ ಆ ಪ್ರಶ್ನೆ ಏನು, ಉತ್ತರ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ. ಸಂಶೋಧನೆಗೆ ಎಂದಾದರೆ ಒಪ್ಪಿಗೆ ಪತ್ರ ಓದಿಸಿಕೊಂಡು ಸಹಿ ಹಾಕಿ. ಬೇಡ ಎನ್ನುವ ಹಕ್ಕೂ ನಿಮಗಿದೆ, ಅದರಿಂದ ಚಿಕಿತ್ಸೆ ನಿಲ್ಲುವುದಿಲ್ಲ.

ಹೋಗುವುದಾದರೆ ಮೂತ್ರಪಿಂಡ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ಜೊತೆಗಿರಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ, ಹಿಂದೆ ಯಾವಾಗಲಾದರೂ ಕಾಂಟ್ರಾಸ್ಟ್ ಕೊಟ್ಟಾಗ ಮೈ ತುರಿಸಿದ್ದರೆ ಮೊದಲೇ ತಿಳಿಸಿ. ಔಷಧಿ ಜೋರಾಗಿ ಹೋಗಬೇಕಾದ್ದರಿಂದ ಕ್ಯಾನುಲಾ ಸ್ವಲ್ಪ ದಪ್ಪದ್ದೇ ಹಾಕುತ್ತಾರೆ. ಕಾಂಟ್ರಾಸ್ಟ್ ಹೋಗುವಾಗ ಗಂಟಲಿನಿಂದ ಕೆಳಹೊಟ್ಟೆಯವರೆಗೆ ಬಿಸಿ ಹರಿದ ಹಾಗಾಗುತ್ತದೆ, ಮೂತ್ರ ಹೋಯಿತೇನೋ ಎನ್ನಿಸುತ್ತದೆ. ಹೋಗಿರುವುದಿಲ್ಲ, ಗಾಬರಿ ಬೇಡ. ಆ ಹೊತ್ತಿನಲ್ಲೇ ಉಸಿರು ಹಿಡಿಯಿರಿ ಎನ್ನುತ್ತಾರೆ. ಕೆಮ್ಮು ದಮ್ಮು ಇರುವವರಿಗೆ ಅರ್ಧ ನಿಮಿಷ ಹಿಡಿಯುವುದು ಸುಲಭವಲ್ಲ. ಆಗದಿದ್ದರೆ ಮೇಜಿನ ಮೇಲೆ ಮಲಗುವ ಮೊದಲೇ ಟೆಕ್ನಿಷಿಯನ್‌ಗೆ ಹೇಳಿಬಿಡಿ. ಸಣ್ಣಗೆ, ಒಂದೇ ಲಯದಲ್ಲಿ ಉಸಿರಾಡುತ್ತ ಮಲಗುವ ವಿಧಾನವೂ ಇದೆ. ಹಿಂದಿನ ರಾತ್ರಿ ಮಂಚದ ಮೇಲೆ ಅಂಗಾತ ಮಲಗಿ, ಮನೆಯವರೊಬ್ಬರು ಗಡಿಯಾರ ನೋಡುತ್ತಿದ್ದರೆ, ನಾಲ್ಕೈದು ಸಲ ಅಭ್ಯಾಸ ಮಾಡಬಹುದು.